ಬೆಂಗಾಡನ್ನು ಕೈಯಾರೆ ಅರಿಯುವ ಬಗೆ

‘ಬೆಂಗಾಡು’ ಎಂದೊಡನೆ ಜೀವವಿಲ್ಲದ ನೆಲವೇ ಕಣ್ಮುಂದೆ ನಿಲ್ಲುತ್ತದೆ. ಕಂದಾಯದ ದಫ್ತರಗಳಲ್ಲಿಯೂ ಎಷ್ಟೋ ಹುಲ್ಲುಗಾವಲುಗಳು ‘ಬಂಜರು’ ಎಂದೇ ದಾಖಲಾಗಿವೆ. ಈ ಒಂದು ಪದವೇ ಅಲ್ಲಿನ ಜೀವಿಗಳಿಗೆ ಮುಳುವಾಗುವುದುಂಟು. ಏನೂ ಇಲ್ಲವೆಂದು ನಂಬಲಾದ ನೆಲವನ್ನು ಬೇರೆ ಬಳಕೆಗೆ ಒಪ್ಪಿಸುವುದು ಸುಲಭ.

ಹಿಂದೂಪುರ, ಚಿಲಮತ್ತೂರು, ಕಲ್ಯಾಣದುರ್ಗಗಳ ಸೀಮೆ ನಿಜವಾದ ಮರುಭೂಮಿಯಲ್ಲ. ಆದರೆ ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದು. ಇಂತಹ ನೆಲದ ಪಾಠಕ್ಕೆ ಬೇಕಾದ ಸಲಕರಣೆ ಅತ್ಯಲ್ಪ. ಮರದ ಬುಡದ ಸಡಿಲ ಮಣ್ಣಿನಲ್ಲಿ ಆಲಿಕೆಯಂತಹ ಪುಟ್ಟ ಕುಳಿಗಳಿರುತ್ತವೆ. ಅದರ ಅಂಚನ್ನು ಹುಲ್ಲುಕಡ್ಡಿಯಿಂದ ಮೆಲ್ಲನೆ ಕೆದಕಿದರೆ ತಳದಲ್ಲಿ ಅಡಗಿರುವ ಗುಬ್ಬಿಹುಳು ಮರಳನ್ನು ಮೇಲಕ್ಕೆ ಚಿಮ್ಮುತ್ತದೆ. ಮರಳು ನಿಲ್ಲಬಲ್ಲಷ್ಟು ಕಡಿದಾದ ಇಳಿಜಾರನ್ನೇ ಅದು ತೋಡಿರುವುದರಿಂದ, ಕಾಲಿಟ್ಟ ಇರುವೆ ಜಾರಿ ಅದರ ಬಾಯಿಗೇ ಬೀಳುತ್ತದೆ. ಈ ಹುಳುವೇ ಮುಂದೆ ರೆಕ್ಕೆ ಪಡೆದು ಹಾರುತ್ತದೆ. ನಡುಹಗಲಿನಲ್ಲಿ ಉಷ್ಣಮಾಪಕವನ್ನು ನೆಲದ ಮೇಲೊಮ್ಮೆ, ಗೇಣುದ್ದದ ಆಳದಲ್ಲೊಮ್ಮೆ ಇಟ್ಟು ನೋಡಿದರೆ, ಹಲ್ಲಿ ಹಾವುಗಳು ಬಿಲ ಸೇರುವ ಕಾರಣವನ್ನು ಯಾರೂ ವಿವರಿಸಬೇಕಾಗದು.

ಹಿಂದೂಪುರಕ್ಕೆ ಸಮೀಪದಲ್ಲೇ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ; ಘೋಷಣೆಯಾದದ್ದು 2007ರಲ್ಲಿ, ವಿಸ್ತೀರ್ಣ 798 ಎಕರೆ. ಗಂಡು ಕೃಷ್ಣಮೃಗ ತನ್ನ ಎಲ್ಲೆಯನ್ನು ಸಾರಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಆ ರಾಶಿಗಳನ್ನು ನಕ್ಷೆಯಲ್ಲಿ ಗುರುತಿಸುವುದೇ ಒಂದು ಒಳ್ಳೆಯ ಅಭ್ಯಾಸ. ಅಲ್ಲಿ ಮರ ನೆಡುವ ಉತ್ಸಾಹ ಮಾತ್ರ ಸಲ್ಲದು: ದೂರದಿಂದಲೇ ವೈರಿಯನ್ನು ಕಂಡು ಓಡುವ ಪ್ರಾಣಿಗೆ ತೆರೆದ ಬಯಲೇ ರಕ್ಷೆ.

ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಪಾಠ ಊರೊಳಗೇ ನಡೆಯುತ್ತದೆ. ಬಣ್ಣದ ಕೊಕ್ಕರೆಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಅವನ್ನು ಓಡಿಸದೆ ಕಾಯುತ್ತ ಬಂದಿದ್ದಾರೆ. ಕೆರೆಗಳಲ್ಲಿ ನೀರಿಲ್ಲವಾದರೆ ಮೀನಿಲ್ಲ, ಮೀನಿಲ್ಲವಾದರೆ ಮರಿಗಳಿಗೆ ಆಹಾರವಿಲ್ಲ. ಆದಕಾರಣ ಗೂಡಿನ ಎಣಿಕೆಯೊಡನೆ ಕೆರೆಯ ನೀರಿನ ಮಟ್ಟವನ್ನೂ ಬರೆದಿಡಬೇಕು. ಎಣಿಕೆ ದೂರದಿಂದಲೇ ಆಗಬೇಕು. ಬೆದರಿ ಹಾರುವ ತಾಯಿಹಕ್ಕಿಯ ಮರಿಗಳು ಬಿಸಿಲಿಗೆ ಸಿಲುಕುತ್ತವೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಗಡಿಯ ಹಳ್ಳಿಗಳ ಹಿರಿಯರ ನಾಲಿಗೆಯಲ್ಲಿ ಹಕ್ಕಿ, ಹುಲ್ಲು, ಹುಳುಗಳಿಗೆ ಕನ್ನಡದ ಹೆಸರೂ ಉಂಟು, ತೆಲುಗಿನ ಹೆಸರೂ ಉಂಟು. ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಕಂಡ ದಿನ, ಸ್ಥಳ, ಹೇಳಿದವರ ಊರನ್ನು ನಮೂದಿಸಬಹುದು.