ತಂತ್ರಾಂಶ ರಚನೆಯಲ್ಲಿ ಪ್ರತ್ಯೇಕ ಪರಿಸರ

ಒಂದೇ ಗ್ರಂಥಕ್ಕೆ ಹಲವು ಪಾಠಾಂತರಗಳಿರುವುದು ವಿದ್ವಾಂಸರಿಗೆ ಹೊಸತಲ್ಲ. ಒಂದು ಪಾಠವನ್ನು ಆಧರಿಸಿ ಬರೆದ ವ್ಯಾಖ್ಯಾನವನ್ನು ಮತ್ತೊಂದು ಪಾಠದೊಡನೆ ಇಟ್ಟು ಓದಿದರೆ ಅರ್ಥವು ಕೆಡುವುದು. ಗಣಕಯಂತ್ರದ ತಂತ್ರಾಂಶಗಳಲ್ಲಿಯೂ ಇಂಥದೇ ತೊಡಕು ಒದಗುವುದುಂಟು.

ಗೀಡೊ ವಾನ್ ರಾಸಮ್ ಅವರು ರೂಪಿಸಿ 1991ರಲ್ಲಿ ಹೊರತಂದ ಪೈಥಾನ್ ಭಾಷೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ರಚಿಸುವುದಿಲ್ಲ. ಅನ್ಯರು ಸಿದ್ಧಪಡಿಸಿದ ಪ್ಯಾಕೇಜುಗಳನ್ನು ಬಳಸುತ್ತಾರೆ. ಅವೆಲ್ಲವೂ ಸಾಮಾನ್ಯವಾಗಿ ಒಂದೇ ಫೋಲ್ಡರಿನಲ್ಲಿ ನೆಲಸುತ್ತವೆ. ಅಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿಗೆ ಎಡೆಯುಂಟು. ಹೊಸದನ್ನು ತಂದರೆ ಹಳೆಯದು ಅಳಿಯುವುದು. ಗಣಿತಕಾರ್ಯಕ್ಕೆ ಉಪಯುಕ್ತವಾದ ನಂಪೈ ಎಂಬ ಪ್ಯಾಕೇಜಿನ 2.0 ಆವೃತ್ತಿಯು 2024ರ ಜೂನ್ ತಿಂಗಳಲ್ಲಿ ಹೊರಬಂದಾಗ, ಹಳೆಯ ಕೆಲವು ಹೆಸರುಗಳು ಅದರಲ್ಲಿ ಲುಪ್ತವಾದವು. ಹಿಂದಿನ ಆವೃತ್ತಿಗೆಂದು ಸಿದ್ಧಗೊಂಡಿದ್ದ ಕೆಲವು ಪ್ಯಾಕೇಜುಗಳು ಅದರೊಡನೆ ನಡೆಯದಾದವು. ಹೊಸ ಕೆಲಸಕ್ಕಾಗಿ ಅದನ್ನು ತಂದವನ ಹಳೆಯ ಪ್ರೋಗ್ರಾಂ, ತನ್ನಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಹಠಾತ್ತನೆ ನಿಂತುಹೋಗಬಹುದು.

ಇದಕ್ಕೆ ಪರಿಹಾರವೇ ಪ್ರತ್ಯೇಕ ಪರಿಸರ. 2007ರಲ್ಲಿ ಇಯಾನ್ ಬಿಕಿಂಗ್ ಅವರು ‘ವರ್ಚುಅಲ್‌ಎನ್ವ್’ ಎಂಬ ಸಾಧನವನ್ನು ಒದಗಿಸಿದರು. 2012ರಲ್ಲಿ ಬಂದ ಪೈಥಾನ್ 3.3ರೊಡನೆ ‘ವೆನ್ವ್’ ಎಂಬ ಸಾಧನವು ಆ ಭಾಷೆಯ ಅಂಗವೇ ಆಯಿತು. ಇದು ಪ್ರತಿಯೊಂದು ಯೋಜನೆಗೂ ಬೇರೆ ಫೋಲ್ಡರನ್ನು ನಿರ್ಮಿಸಿ, ಅದರಲ್ಲಿ ಪೈಥಾನಿನ ಕೊಂಡಿಯನ್ನೋ ಪ್ರತಿಯನ್ನೋ ಇರಿಸಿ, ಪ್ಯಾಕೇಜುಗಳಿಗೆ ಸ್ವಂತ ಸ್ಥಳವನ್ನು ಕಲ್ಪಿಸುತ್ತದೆ. ಪರಿಸರವನ್ನು ಸಕ್ರಿಯಗೊಳಿಸಿದಾಗ ಗಣಕವು ಪೈಥಾನನ್ನು ಮೊದಲು ಆ ಫೋಲ್ಡರಿನಲ್ಲಿಯೇ ಹುಡುಕುವುದು. ಹೀಗೆ ಒಂದೇ ಯಂತ್ರದಲ್ಲಿ ಹಳೆಯ ನಂಪೈ ಒಂದು ಯೋಜನೆಗೂ ಹೊಸದು ಇನ್ನೊಂದಕ್ಕೂ ನಿರ್ವಿಘ್ನವಾಗಿ ದೊರೆಯುವುವು.

ಎರಡು ಸಂಗತಿಗಳು ಇಲ್ಲಿ ಸ್ಮರಣೀಯ. ಪರಿಸರದ ಫೋಲ್ಡರನ್ನು ಹಾಗೆಯೇ ಬೇರೊಂದು ಯಂತ್ರಕ್ಕೆ ಒಯ್ಯುವುದು ಸಲ್ಲದು. ಮೂಲಯಂತ್ರದ ಸ್ಥಳನಿರ್ದೇಶಗಳು ಅದರೊಳಗೆ ಬರೆಯಲ್ಪಟ್ಟಿರುತ್ತವೆ. ಆದುದರಿಂದ ಪೈಥಾನಿನ ಆವೃತ್ತಿಯನ್ನೂ ಪ್ಯಾಕೇಜುಗಳ ಹೆಸರು, ಆವೃತ್ತಿಗಳನ್ನೂ ಪಟ್ಟಿಮಾಡಿ, ಆ ಪಟ್ಟಿಯನ್ನು ಕಾಪಾಡಬೇಕು. ಅದರಿಂದ ಪರಿಸರವನ್ನು ಮರಳಿ ಕಟ್ಟಬಹುದು. ಎರಡನೆಯದಾಗಿ, ಇದು ರಕ್ಷಣೆಯ ಕೋಟೆಯಲ್ಲ. ಒಳಗೆ ನಡೆಯುವ ಪ್ರೋಗ್ರಾಂ ಯಂತ್ರದ ಇತರ ಕಡತಗಳನ್ನೂ ಮುಟ್ಟಬಲ್ಲದು.

ಇಂದು ಒಬ್ಬನು ಮಾಡಿದ ಲೆಕ್ಕವನ್ನು ನಾಳೆ ಮತ್ತೊಬ್ಬನು ಅದೇ ಸಾಮಗ್ರಿಯಿಂದ ಪರೀಕ್ಷಿಸುವಂತಿದ್ದರೆ ಮಾತ್ರ ಅದು ಪ್ರಮಾಣವೆನಿಸುವುದು. ಯಾವ ಪಾಠವನ್ನು ಅನುಸರಿಸಿತೆಂದು ಹೇಳದ ವ್ಯಾಖ್ಯಾನದಂತೆ, ಆವೃತ್ತಿಗಳನ್ನು ನಮೂದಿಸದ ಪ್ರೋಗ್ರಾಂ ಕೂಡ ಓದುಗನನ್ನು ಸಂಶಯದಲ್ಲಿ ಕೆಡಹುತ್ತದೆ. ವಿದ್ಯಾರ್ಥಿಗಳು ಮೊದಲ ದಿನದಿಂದಲೇ ಈ ಶಿಸ್ತನ್ನು ರೂಢಿಸಿಕೊಳ್ಳುವುದು ಶ್ರೇಯಸ್ಕರ.