ಹಕ್ಕಿಗಿಂತ ಮೊದಲು ತೂಬು ತೋರಿಸಿ

ಮೈಸೂರಿನ ಮಕ್ಕಳಿಗೆ ಕುಕ್ಕರಹಳ್ಳಿ ಕೆರೆ ಹೊಸದೇನಲ್ಲ. ಅಪ್ಪ ಅಮ್ಮನ ಜೊತೆ ವಾಕಿಂಗ್‌ಗೆ ಬಂದಿರುತ್ತಾರೆ, ಹೆಜ್ಜಾರ್ಲೆ ನೋಡಿರುತ್ತಾರೆ. ಆದರೆ ಈ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ತುಂಬಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಜಲಚಕ್ರದ ಚಿತ್ರ ಬರೆದು, ಬಾಣದ ಗುರುತು ಹಾಕಿ ಪೂರ್ತಿ ಅಂಕ ತೆಗೆದ ಮಕ್ಕಳೇ ಅವರು.

ಅದಕ್ಕೇ ಶಾಲೆಯ ಹೊರಸಂಚಾರ ಹಕ್ಕಿಯಿಂದಲ್ಲ, ತೂಬಿನಿಂದ ಶುರುವಾಗಬೇಕು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕೆರೆ ಇದು. ಏರಿ ಯಾವುದು, ಕೋಡಿ ಎಲ್ಲಿ ಹರಿಯುತ್ತದೆ, ತೂಬು ಎತ್ತಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ನಡೆದೇ ನೋಡಲಿ. ಮಳೆನೀರು ತರುತ್ತಿದ್ದ ಕಾಲುವೆಯ ಜಾಡು ಹಿಡಿದು ಹೊರಟರೆ ಅದು ಬಡಾವಣೆಗಳ ನಡುವೆ ಎಲ್ಲೋ ತುಂಡಾಗುತ್ತದೆ. ಕಾಲುವೆ ಕೈಬಿಟ್ಟ ಆ ಜಾಗದಲ್ಲಿ ನಿಂತು ಕಲಿಯುವಷ್ಟು ಯಾವ ಪಾಠಪುಸ್ತಕದಿಂದಲೂ ಕಲಿಯಲಾಗದು.

ನೀರಿನಂಚಿನಲ್ಲಿ ಒಂದು ಕೆಲಸ ಮಾಡಿಸಿ. ದೊಡ್ಡವರೊಬ್ಬರು ಒಂದು ಹಿಡಿ ಕೆಸರು ತೆಗೆದು ಬಿಳಿ ತಟ್ಟೆಗೆ ಹಾಕಿ, ನೀರು ಬೆರೆಸಿ ತಿಳಿಯಾಗಲು ಬಿಡಲಿ. ಸ್ವಲ್ಪ ಹೊತ್ತಿಗೆ ದಾರದೆಳೆಯಂಥ ಕೆಂಪು ಹುಳುಗಳು ಕೊಂಕುತ್ತಾ ಏಳಬಹುದು. ಕಚ್ಚದ ಒಂದು ಜಾತಿಯ ಸೊಳ್ಳೆಯಂಥ ನೊಣದ ಮರಿಗಳವು. ನಮ್ಮ ರಕ್ತದಲ್ಲಿರುವಂತೆಯೇ ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರಾ ಕಡಿಮೆಯಿರುವ ಕೊಳೆನೀರಿನಲ್ಲೂ ಬದುಕುತ್ತವೆ. ತಟ್ಟೆ ತುಂಬ ಅವೇ ಇದ್ದರೆ ಚರಂಡಿ ನೀರು ಸೇರುತ್ತಿದೆಯೇ ಎಂದು ಹುಡುಕಬೇಕು. ಜೊತೆಗೆ ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ಕಿತೋ, ಮಕ್ಕಳ ಸಂಭ್ರಮ ಹೇಳತೀರದು. ಹಿಂಬದಿಯಿಂದ ನೀರು ಚಿಮ್ಮಿಸಿ ಸರ್ರನೆ ಮುಂದಕ್ಕೆ ನುಗ್ಗುವ ಜೀವಿ ಅದು! ನೋಡಿಯಾದ ಮೇಲೆ ಎಲ್ಲವನ್ನೂ ಕೆರೆಗೇ ಬಿಡಬೇಕು, ಸೋಪು ಹಾಕಿ ಕೈ ತೊಳೆಯಬೇಕು.

ಆಮೇಲೆ ಇಲ್ಲದ ಕೆರೆಗಳಿಗೂ ಕರೆದೊಯ್ಯಿರಿ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಒಂದು ಕಾಲಕ್ಕೆ ಕೆರೆಯೇ. ಸ್ವಾತಂತ್ರ್ಯ ಹೋರಾಟದ ಸಭೆಗಳಿಗೆ ಹೆಸರಾದ ಸುಬ್ಬರಾಯನಕೆರೆಯೂ ಈಗ ಮೈದಾನ. ಜೋರು ಮಳೆ ಬಂದಾಗ ಇಂಥ ಜಾಗಗಳಲ್ಲಿ ನೀರು ಎತ್ತ ಹರಿಯುತ್ತದೆ ಎಂದು ಮಕ್ಕಳೇ ಊಹಿಸಲಿ, ಜಗಳವಾಡಲಿ.

ಮೈಸೂರಿಗೆ ಇನ್ನೊಂದು ಭಾಗ್ಯವಿದೆ. ಊರು ದಿಬ್ಬದ ಮೇಲಿದೆ. ಒಂದು ಕಡೆಯ ಮಳೆನೀರು ಉತ್ತರಕ್ಕೆ ಕಾವೇರಿಯತ್ತ, ಇನ್ನೊಂದು ಕಡೆಯದು ದಕ್ಷಿಣಕ್ಕೆ ಕಬಿನಿಯತ್ತ ಇಳಿಯುತ್ತದೆ. ಕುಡಿಯುವ ನೀರು ಮಾತ್ರ ಹತ್ತಿ ಬರಬೇಕು. ಹೊಂಗಳ್ಳಿ, ಮೇಳಾಪುರಗಳಲ್ಲಿ ಕಾವೇರಿಯನ್ನು, ಬಿದರಗೂಡಿನಲ್ಲಿ ಕಬಿನಿಯನ್ನು ಪಂಪ್ ಮಾಡಿ ಮೇಲೆತ್ತುತ್ತಾರೆ. ಅನುಮತಿ ಪಡೆದು ಒಂದು ಪಂಪ್‌ಹೌಸ್ ತೋರಿಸಿದರೂ ಸಾಕು, ನಲ್ಲಿಯ ನೀರಿನಲ್ಲಿ ಎಷ್ಟು ಕರೆಂಟು ಸೇರಿದೆ ಎಂಬುದು ಆ ಸದ್ದಿನಲ್ಲೇ ಗೊತ್ತಾಗುತ್ತದೆ.

ಬಸ್ಸಿಗೆ ದುಡ್ಡಿಲ್ಲದ ಸರ್ಕಾರಿ ಶಾಲೆಗೆ ಕಾರಂಜಿ ಕೆರೆ ಸಾಕು. ಅದರ ದಡದಲ್ಲೇ 1995ರಲ್ಲಿ ಆರಂಭವಾದ ಪ್ರಾದೇಶಿಕ ನೈಸರ್ಗಿಕ ಇತಿಹಾಸ ವಸ್ತು ಸಂಗ್ರಹಾಲಯವಿದೆ; ಸಿಟಿ ಬಸ್ಸಿನಲ್ಲೇ ಹೋಗಿಬರಬಹುದು. ಅರಣ್ಯ ಇಲಾಖೆ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ‘ಚಿಣ್ಣರ ವನದರ್ಶನ’ ನಡೆಸುತ್ತಿದೆ. ಊರೊಳಗಿನ ನೀರಿಗೂ ಅಂಥದ್ದೊಂದು ಯೋಜನೆ ಬೇಕೇ ಬೇಕು.

ಹೋಗುವ ಕಾಲದ ಬಗ್ಗೆಯೂ ಒಂದು ಮಾತು. ನಮ್ಮ ಶಾಲೆಗಳ ಪ್ರವಾಸವೆಲ್ಲ ಡಿಸೆಂಬರ್ ಚಳಿಯಲ್ಲಿ, ಕಾಲುವೆಗಳು ಒಣಗಿದ ಮೇಲೆ. ನೀರಿನ ಪಾಠಕ್ಕೆ ದಸರಾ ರಜೆಗೆ ಮುಂಚಿನ ವಾರಗಳೇ ಸರಿ. ರಾತ್ರಿ ಮಳೆ ಸುರಿದಿದ್ದರೆ ಮಾರನೇ ಬೆಳಗಿನ ಮೊದಲೆರಡು ಪೀರಿಯಡ್ಡನ್ನು ಹೊರಗೇ ನಡೆಸಲು ಮುಖ್ಯೋಪಾಧ್ಯಾಯರು ಒಪ್ಪಬೇಕು.