ಕ್ಲೋರಿನ್ ಕಳಚುವ ಕೆಸರು

ನೀರು ನಿಂತ ನೆಲ್ಲಿನ ಗದ್ದೆಯ ಕೆಸರು ಮೇಲೆ ಕೆಲವೇ ಮಿಲಿಮೀಟರ್‌ನಷ್ಟು ಕಂದು, ಅದರಡಿ ಕಪ್ಪು. ನಾಟಿಗೆ ಇಳಿದವರ ಕಾಲು ಹೂತಲ್ಲಿ ಬುಳುಬುಳು ಗುಳ್ಳೆ ಏಳುತ್ತವೆ, ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ನೀರು ಕಟ್ಟಿದ ಒಂದೆರಡು ದಿನಕ್ಕೇ ಈ ಕಪ್ಪು ಪದರದಲ್ಲಿ ಆಮ್ಲಜನಕ ಮುಗಿದಿರುತ್ತದೆ. ಅಲ್ಲಿಂದಾಚೆಗೆ ಅದು ಗಾಳಿ ಬೇಡದ ಬ್ಯಾಕ್ಟೀರಿಯಗಳ ರಾಜ್ಯ.

ಉಸಿರಾಟವೆಂದರೆ ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಯಾರಿಗಾದರೂ ದಾಟಿಸುವುದು. ಮನುಷ್ಯನಿಗೆ ಆ ಕೊನೆಯ ತಾಣ ಆಮ್ಲಜನಕ. ಕೆಸರಿನ ಬ್ಯಾಕ್ಟೀರಿಯಗಳು ನೈಟ್ರೇಟ್, ಕಬ್ಬಿಣ, ಸಲ್ಫೇಟ್‌ಗಳಿಗೆ ದಾಟಿಸುತ್ತವೆ. ಕೆಲವು ಕ್ಲೋರಿನ್ ಅಂಟಿದ ವಿಷಕ್ಕೇ ದಾಟಿಸುತ್ತವೆ. ಎಲೆಕ್ಟ್ರಾನ್ ಸಿಕ್ಕ ಅಣುವಿನಿಂದ ಕ್ಲೋರಿನ್ ಕಳಚಿ ಕ್ಲೋರೈಡ್ ಆಗುತ್ತದೆ. ಅಡುಗೆ ಉಪ್ಪಿನಲ್ಲಿರುವುದೂ ಅದೇ.

ಅಂಥ ವಿಷಗಳಲ್ಲೊಂದು, ಒಂದು ಕಾಲಕ್ಕೆ ದೇಶದ ಹೊಲಗಳಿಗೆಲ್ಲ ಎರಚುತ್ತಿದ್ದ ಕೀಟನಾಶಕ ಬಿಎಚ್‌ಸಿ. ಆ ಪುಡಿಯ ಅಣುವಿನಲ್ಲಿ ಆರು ಇಂಗಾಲದ ಉಂಗುರ, ಪ್ರತಿ ಇಂಗಾಲಕ್ಕೂ ಒಂದು ಕ್ಲೋರಿನ್. ಭಾರತದಲ್ಲಿ 1997ರಲ್ಲಿ ಅದನ್ನು ನಿಷೇಧಿಸಲಾಯಿತು. ಪುಡಿಯಲ್ಲಿ ಕೀಟ ಕೊಲ್ಲುವ ಗಾಮಾ ರೂಪ ನೂರಕ್ಕೆ ಹತ್ತು-ಹದಿನೈದು ಪಾಲಷ್ಟೇ, ಮಿಕ್ಕದ್ದು ಸುಮ್ಮನೆ ನೆಲ ಸೇರುತ್ತಿದ್ದ ಕಸ. ಈ ವಿಷ ನೀರು ನಿಂತ ಮಣ್ಣಿನಲ್ಲಿ ಬೇಗ ಒಡೆಯುತ್ತದೆಂದು 1967ರಲ್ಲಿ ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತೋರಿಸಿದರು. ಎರಡು ವರ್ಷದಲ್ಲಿ ಆ ಕೆಲಸ ಮಾಡುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯವೂ ಸಿಕ್ಕಿತು. ಇದೇ ವಿಷಯವನ್ನು ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಎನ್. ಸೇತುನಾಥನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಬೆನ್ನು ಹತ್ತಿದರು.

ನೀರು ನಿಲ್ಲುವ ಗದ್ದೆ, ಗಾಳಿಯಾಡುವ ಒಣ ಹೊಲ, ಈ ಎರಡೂ ಬಗೆಯ ನೆಲ ರಾಯಚೂರು ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಎರೆಭೂಮಿಯಲ್ಲಿ ಆಂಧ್ರದ ರೈತರ ಕ್ಯಾಂಪುಗಳೆದ್ದವು, ಜೋಳದ ಹೊಲ ಗದ್ದೆಯಾಯಿತು. ಹಟ್ಟಿಯ ಚಿನ್ನದ ಗಣಿಯ ಸುತ್ತಮುತ್ತ ಮಳೆ ನಂಬಿದ ಹೊಲಗಳೂ ಇವೆ. ಅಂಥ ಒಣ ಹೊಲದ ಬಿರುಕಿನಲ್ಲಿ ಗಾಳಿಯಾಡುತ್ತದೆ. ಆವಿಯಾಗಿ ಹೋದದ್ದು ಬಿಟ್ಟರೆ ಬಿಎಚ್‌ಸಿ ಅಲ್ಲಿ ಕರಗುವುದು ಬಲು ನಿಧಾನ.

ಹಾಗೆಂದು ಕೆಸರು ಸರ್ವರೋಗಕ್ಕೆ ಮದ್ದಲ್ಲ. ಬಿಎಚ್‌ಸಿಯ ಬೀಟಾ ರೂಪ ಅಲ್ಲೂ ಹಟಮಾರಿ. ಡಿಡಿಟಿ ಒಂದು ಕ್ಲೋರಿನ್ ಕಳೆದುಕೊಂಡು ಡಿಡಿಡಿ ಆಗುತ್ತದೆ, ಅದೂ ವಿಷವೇ. ಡ್ರೈ ಕ್ಲೀನಿಂಗ್‌ನಲ್ಲಿ ಬಳಸುವ ಪರ್‌ಕ್ಲೋರೋಎಥಿಲೀನ್‌ನಿಂದ ಕ್ಲೋರಿನ್ ಕಳಚುವುದು ಅರ್ಧಕ್ಕೆ ನಿಂತರೆ ಉಳಿಯುವುದು ಕ್ಯಾನ್ಸರ್ ತರುವ ವಿನೈಲ್ ಕ್ಲೋರೈಡ್. ಕೊನೆಯ ಕ್ಲೋರಿನ್‌ವರೆಗೆ ಬಿಡದೆ ಕಳಚುವ ಡೀಹ್ಯಾಲೋಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1997ರಲ್ಲಿ ವರದಿ ಮಾಡಿದರು, ಅದೂ ಚರಂಡಿ ಗಸಿಯಿಂದ ಬೇರ್ಪಡಿಸಿ. ಕ್ಲೋರಿನ್ ಕಳಚುವುದು ಬಿಟ್ಟರೆ ಅದಕ್ಕೆ ಬದುಕಲು ಬೇರೆ ದಾರಿಯೇ ಇಲ್ಲ. ಬೇಕಾದ ಹೈಡ್ರೋಜನ್ನನ್ನೂ ಬಿ12 ಜೀವಸತ್ವವನ್ನೂ ಅದು ನೆರೆಯ ಬ್ಯಾಕ್ಟೀರಿಯಗಳಿಂದಲೇ ಪಡೆಯಬೇಕು.

ಗಾಳಿಯಿಲ್ಲದ ಕೆಸರಿನಲ್ಲಿ ಬಿಎಚ್‌ಸಿ ಒಡೆದು ಬೆಂಜೀನ್, ಕ್ಲೋರೋಬೆಂಜೀನ್ ಉಳಿಯುತ್ತವೆ. ಕೊಯ್ಲಿಗೆ ಮುಂಚೆ ನೀರು ಬಸಿದು ಗದ್ದೆ ಬಿರಿದಾಗ ಗಾಳಿ ಒಳನುಗ್ಗುತ್ತದೆ, ಆಮ್ಲಜನಕ ಉಸಿರಾಡುವ ಬ್ಯಾಕ್ಟೀರಿಯಗಳು ಅವನ್ನು ತಿಂದು ಇಂಗಾಲದ ಡೈಆಕ್ಸೈಡ್ ಆಗಿಸುತ್ತವೆ.